ಹಳೆಯ ಕಾರಿನ ಮೊದಲ ಮೂರು ತಿಂಗಳು



ಸೆಕೆಂಡ್ ಹ್ಯಾಂಡ್ ಕಾರು ಕೊಂಡವರ ಬಾಯಲ್ಲಿ ತಿಂಗಳೊಳಗೆ ಒಂದು ಮಾತು ಬಂದೇ ಬರುತ್ತದೆ. "ನೋಡುವಾಗ ಚೆನ್ನಾಗಿಯೇ ಇತ್ತು. ಮನೆಗೆ ತಂದ ಮೇಲೆ ಒಂದೊಂದೇ ಶುರುವಾಯಿತು." ಬೆಳಿಗ್ಗೆ ಸೆಲ್ಫ್ ಹೊಡೆದರೆ ಎರಡನೇ ಸಲಕ್ಕೆ ಹಿಡಿಯುತ್ತದೆ. ಹಂಪು ದಾಟುವಾಗ ಮುಂದಿನ ಚಕ್ರದ ಕಡೆಯಿಂದ ಕಟಕಟ ಸದ್ದು. ಎಸಿ ಹಾಕಿಕೊಂಡು ಸಿಗ್ನಲ್‌ನಲ್ಲಿ ನಿಂತರೆ ಸ್ಟಿಯರಿಂಗ್ ನಡುಗುತ್ತದೆ. ಮನೆಯಲ್ಲಿ ಒಬ್ಬರು ಮೋಸ ಹೋದೆವು ಅನ್ನುತ್ತಾರೆ. ಇನ್ನೊಬ್ಬರು ಬಂದಷ್ಟಕ್ಕೆ ಕೊಟ್ಟುಬಿಡೋಣ ಅನ್ನುತ್ತಾರೆ.

ಈ ಹೊತ್ತು ಆ ಮೊದಲ ಮೂರು ತಿಂಗಳ ಬಗ್ಗೆಯೇ ಮಾತಾಡುತ್ತೇನೆ. ನಾನು ಹೇಳುವುದು ಇಷ್ಟು. ಈ ತೊಂದರೆಗಳಲ್ಲಿ ಹೆಚ್ಚಿನವು ಹಿಂದಿನ ಮಾಲೀಕರು ತೀರಿಸದೆ ಬಿಟ್ಟ ಬಾಕಿ. ಕಾರು ಮಾರಬೇಕು ಅಂತ ತೀರ್ಮಾನಿಸಿದವರು ಆ ದಿನದಿಂದಲೇ ಅದಕ್ಕೆ ಖರ್ಚು ಮಾಡುವುದನ್ನು ನಿಲ್ಲಿಸುತ್ತಾರೆ. ಹೇಗೂ ಕೊಡುವುದೇ ತಾನೆ, ಈ ಟೈರು ಇನ್ನೂ ಸ್ವಲ್ಪ ದಿನ ಓಡಲಿ. ಸರ್ವೀಸಿನ ಹೊತ್ತಿಗೆ ಗಿರಾಕಿ ಸಿಗಬಹುದು, ನೋಡೋಣ. ಇದರಲ್ಲಿ ಕೆಟ್ಟ ಬುದ್ಧಿ ಏನೂ ಇಲ್ಲ. ಯಾರಾದರೂ ಹಾಗೆಯೇ ಮಾಡುತ್ತಾರೆ. ಆದರೆ ಹಾಗೆ ಬಿಟ್ಟ ಕೆಲಸವೆಲ್ಲ ಕಾರಿನ ಜೊತೆಗೇ ನಿಮ್ಮ ಮನೆಗೆ ಬರುತ್ತದೆ. ಅದನ್ನು ತೀರಿಸದೆ ಕಾರಿನ ಗುಣ ಎಂಥದು ಅಂತ ಹೇಳುವುದಕ್ಕೆ ಆಗುವುದಿಲ್ಲ.

ಆದ್ದರಿಂದ ಮೊದಲು ಹಣದ ವಿಚಾರ. ನಿಮ್ಮ ಹತ್ತಿರ 4 ಲಕ್ಷ ಇದ್ದರೆ 4 ಲಕ್ಷದ ಕಾರು ನೋಡಬೇಡಿ. ಮೂರೂವರೆ ಲಕ್ಷದ ಆಸುಪಾಸಿನದು ನೋಡಿ. ಸುಮಾರು ಎಂಟನೇ ಒಂದು ಪಾಲನ್ನು ಎತ್ತಿಟ್ಟುಕೊಳ್ಳಿ. ಅದನ್ನು ಸೀಟು ಕವರಿಗೆ, ಹೊಸ ಮ್ಯೂಸಿಕ್ ಸಿಸ್ಟಮ್ಮಿಗೆ ಮುಟ್ಟಬೇಡಿ. "ಸಿಂಗಲ್ ಓನರ್ ಸಾರ್, ಒಂದು ರೂಪಾಯಿ ಖರ್ಚಿಲ್ಲ" ಅನ್ನುವ ಬ್ರೋಕರ್ ಮಾತಿಗೂ ಆ ಹಣ ಕರಗಬಾರದು.

ಮಾರುತಿ 800 ನಿಮಗೆಲ್ಲ ನೆನಪಿರಬೇಕು. 1983ರ ಡಿಸೆಂಬರಿನಲ್ಲಿ ಬಂತು, 2014ರಲ್ಲಿ ತಯಾರಿಕೆ ನಿಂತಿತು. ಆ 30 ವರ್ಷಗಳಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಮೊದಲ ಕಾರಾಗಿ ಬಂದದ್ದು ಅದೇ, ಅದೂ ಎರಡನೇ ಕೈಯಿಂದ. ಹಳೆಯ ಕಾರ್ಬ್ಯುರೇಟರ್ ಗಾಡಿಯನ್ನು ಸ್ಕ್ರೂಡ್ರೈವರ್ ಹಿಡಿದೇ ಸರಿಮಾಡುತ್ತಿದ್ದರು. ಈಗ ಬಾನೆಟ್ಟಿನ ಕೆಳಗೆ ಸೆನ್ಸರುಗಳು ತುಂಬಿವೆ. ಆದರೂ ಬ್ರೇಕು, ಕ್ಲಚ್ಚು, ಟೈರು, ಕೂಲಂಟು, ರಬ್ಬರ್ ಬುಷ್ಷು, ಇವು ಸವೆಯುವ ರೀತಿ ಬದಲಾಗಿಲ್ಲ. ಮೊದಲ ತಿಂಗಳುಗಳ ಕಿರಿಕಿರಿ ಹೆಚ್ಚಾಗಿ ಬರುವುದೂ ಇವುಗಳಿಂದಲೇ.

ಬಾಕಿ ಎಷ್ಟಿದೆ ಅನ್ನುವುದನ್ನು ಕೊಳ್ಳುವ ಮೊದಲೇ ಒಂದಿಷ್ಟು ಊಹಿಸಬಹುದು. ಅದಕ್ಕೆ ನಾನು ಕೇಳುವ ಮೊದಲ ಪ್ರಶ್ನೆ, ಈ ಕಾರು ಯಾವ ಊರಿನಲ್ಲಿ ಬಾಳಿದೆ? ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದು ಆಮೇಲಿನ ಮಾತು.

ನಂಬರ್ ಪ್ಲೇಟಿನಲ್ಲಿ ಕೆಎ 19 ಅಂದರೆ ಮಂಗಳೂರು, ಕೆಎ 20 ಅಂದರೆ ಉಡುಪಿ. ಕರಾವಳಿಯ ಉಪ್ಪುಗಾಳಿಗೂ ನಾಲ್ಕು ತಿಂಗಳ ಮಳೆಗೂ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಮೇಲಿನ ಬಣ್ಣ ಫಳಫಳ ಹೊಳೆಯುತ್ತಿದ್ದರೂ ಬಾಗಿಲಿನ ಕೆಳ ಅಂಚು, ಸೈಲೆನ್ಸರು, ಚಕ್ರದ ಮೇಲಿನ ಒಳಗೋಡೆ ಮುಟ್ಟಿ ನೋಡಿ. ಬೆರಳಿಗೆ ಹೊಪ್ಪಳಿಕೆ ಹತ್ತಿದರೆ ಒಳಗೆ ತುಕ್ಕು ಕೆಲಸ ಮಾಡುತ್ತಿದೆ. ಮಲೆನಾಡಿನ ಗಾಡಿ ಆಗುಂಬೆ, ಚಾರ್ಮಾಡಿ ಘಾಟಿ ಹತ್ತಿ ಇಳಿದಿರುತ್ತದೆ. ಅದರ ಬ್ರೇಕು, ಕ್ಲಚ್ಚಿನ ಮೇಲೆ ಕಣ್ಣಿಡಿ. ಕಲಬುರಗಿ, ರಾಯಚೂರು ಕಡೆಯ ಗಾಡಿಗೆ ಬಿಸಿಲೇ ಶತ್ರು. ಬ್ಯಾಟರಿ ಬೇಗ ಸೋಲುತ್ತದೆ, ರಬ್ಬರ್ ಬಿರುಕು ಬಿಡುತ್ತದೆ, ಎಸಿ ದುಡಿದು ದಣಿದಿರುತ್ತದೆ. ಬಳ್ಳಾರಿ, ಸಂಡೂರು ಕಡೆಯದಾದರೆ ಏರ್ ಫಿಲ್ಟರ್ ತೆಗೆಸಿ ನೋಡಿ. ಅದಿರಿನ ಕೆಂಪು ಧೂಳು ತಾನೇ ಮಾತಾಡುತ್ತದೆ.

ಬೆಂಗಳೂರಿನ ಗಾಡಿಯ ಕಥೆಯೇ ಬೇರೆ. ಮೀಟರಿನಲ್ಲಿ 30 ಸಾವಿರ ಕಿಲೋಮೀಟರ್ ಇರುತ್ತದೆ. ಓಡಿದ್ದು ಕಡಿಮೆಯೇ, ನಿಜ. ಆದರೆ ಔಟರ್ ರಿಂಗ್ ರೋಡಿನಲ್ಲಿ ಒಂದು ಗಂಟೆ ನಿಂತು ತೆವಳಿದರೆ ಮೀಟರ್ ಏರುವುದು ಏಳೆಂಟು ಕಿಲೋಮೀಟರ್ ಮಾತ್ರ. ಆ ಗಂಟೆಯುದ್ದಕ್ಕೂ ಎಂಜಿನ್ ತಿರುಗಿದೆ, ಕ್ಲಚ್ಚು ನೂರಾರು ಸಲ ತುಳಿಸಿಕೊಂಡಿದೆ. ಹುಬ್ಬಳ್ಳಿ ಹೈವೇಯಲ್ಲಿ 80 ಸಾವಿರ ಓಡಿದ ಗಾಡಿಯ ಎಂಜಿನ್ನು ಇದಕ್ಕಿಂತ ಗಟ್ಟಿಯಾಗಿರುವುದು ಎಷ್ಟೋ ಸಲ ಉಂಟು. ನನ್ನನ್ನು ಕೇಳಿದರೆ, ಸರ್ವೀಸಿನ ಬಿಲ್ಲುಗಳಿರುವ ಹೈವೇ ಗಾಡಿಯನ್ನೇ ಆರಿಸಿ ಅನ್ನುತ್ತೇನೆ.

ಇನ್ನೊಂದು ಎಚ್ಚರಿಕೆ, ನೀರು ಕುಡಿದ ಗಾಡಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಆಸುಪಾಸಿನ ಬಡಾವಣೆಗಳಲ್ಲಿ ಕಾರುಗಳು ಮುಳುಗಿದ್ದನ್ನು ನೀವು ಕೇಳಿದ್ದೀರಿ. ವಿಮಾ ಕಂಪನಿ ಪೂರ್ಣ ನಷ್ಟ ಎಂದು ಕೈಬಿಟ್ಟ ಗಾಡಿಗಳು ಹರಾಜಾಗಿ, ತೊಳೆಸಿಕೊಂಡು, ಒಣಗಿ ಮತ್ತೆ ಮಾರಾಟಕ್ಕೆ ಬರುವುದುಂಟು. ಗುರುತು ಹಿಡಿಯುವುದು ಹೀಗೆ. ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆಯಿರಿ. ದಿನವೂ ಹೊರಬರುವ ಭಾಗವನ್ನು ತೊಳೆದಿರುತ್ತಾರೆ. ಒಳಗೆ ಸುತ್ತಿಕೊಂಡಿದ್ದ ಕೊನೆಯ ಒಂದು ಮೊಳದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟು ಸರಿಯುವ ಕಂಬಿಯ ತುಕ್ಕು, ಕಾಲಡಿಯ ಹಾಸಿನ ಕೆಳಗಿನ ಮುಗ್ಗುಲು ವಾಸನೆ, ಇವೂ ಸುಳ್ಳು ಹೇಳುವುದಿಲ್ಲ. ಅಂಥದ್ದು ಕಂಡರೆ ಚೌಕಾಸಿ ಬೇಡ. ನಮಸ್ಕಾರ ಹೇಳಿ ಬಂದುಬಿಡಿ. ವೈರಿಂಗಿಗೆ ಹೊಕ್ಕ ನೀರು ವರ್ಷಗಟ್ಟಲೆ ಕಾಡುತ್ತದೆ.

ಇಷ್ಟು ಹೊತ್ತು ಕಾರಿನ ಊರಿನ ಬಗ್ಗೆ ಹೇಳಿದೆ. ಊರು ತಿಳಿದರೆ ಬಾಕಿ ಎಲ್ಲಿದೆ ಅನ್ನುವ ಅಂದಾಜು ಸಿಗುತ್ತದೆ. ಇನ್ನು ಕಿವಿಯಿಂದ ನೋಡುವ ಕೆಲಸ.

ಗಾಡಿ ನೋಡುವುದಕ್ಕೆ ಬೆಳಿಗ್ಗೆ ಬೇಗ ಹೋಗಿ. ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ತಿಳಿಸಿ. ಹೋದ ಕೂಡಲೇ ಬಾನೆಟ್ಟಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಎಂಜಿನ್ನನ್ನು ಆಗಲೇ ಬಿಸಿ ಮಾಡಿದ್ದಾರೆ. ಬಿಸಿ ಎಂಜಿನ್ನು ಬಹಳಷ್ಟನ್ನು ಮುಚ್ಚಿಡುತ್ತದೆ.

ಕೀ ತಿರುಗಿಸಿ, ಆದರೆ ಸೆಲ್ಫ್ ಹೊಡೆಯಬೇಡಿ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ, ಏರ್‌ಬ್ಯಾಗ್ ದೀಪ, ಆಯಿಲ್ ಕ್ಯಾನಿನ ಆಕಾರದ ಕೆಂಪು ದೀಪ, ಎಲ್ಲವೂ ಹತ್ತಬೇಕು. ಸ್ಟಾರ್ಟ್ ಆದ ಮೇಲೆ ಆರಬೇಕು. ಆರದಿದ್ದರೆ ತೊಂದರೆ ಇದೆ ಅಂತ ಎಲ್ಲರಿಗೂ ಗೊತ್ತು. ಹತ್ತಲೇ ಇಲ್ಲ ಅಂದರೆ? ಆಗ ಇನ್ನೂ ಹೆಚ್ಚು ಅನುಮಾನಪಡಬೇಕು. ದೀಪವನ್ನೇ ಯಾರೋ ಕಳಚಿರಬಹುದು.

ಸ್ಟಾರ್ಟ್ ಆದ ಮೇಲೆ ಒಂದೆರಡು ಕ್ಷಣ ಟಕಟಕ ಸದ್ದು ಬಂದು ಅಡಗಿದರೆ ಚಿಂತೆಯಿಲ್ಲ. ಆಯಿಲ್ ಮೇಲೆ ಏರುವ ತನಕ ಹಾಗಾಗಬಹುದು. ಅಡಗದೆ ಮುಂದುವರಿದರೆ ಬಿಡಬಾರದು. ಆಮೇಲೆ ಹಿಂದೆ ಹೋಗಿ ಹೊಗೆ ನೋಡಿ. ನೀಲಿ ಛಾಯೆಯ ಹೊಗೆ ಬಂದರೆ ಎಂಜಿನ್ನು ಆಯಿಲ್ ತಿನ್ನುತ್ತಿದೆ. ಪೆಟ್ರೋಲ್ ಗಾಡಿಯಲ್ಲಿ ಕಪ್ಪು ಹೊಗೆ ಬಂದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ಚಳಿಗಾಲದ ಬೆಳಿಗ್ಗೆ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ತೆಳ್ಳಗೆ ಬಿಳಿ ಆವಿ ಬಂದರೆ ಅದು ಸಹಜ. ಎಂಜಿನ್ನು ಬಿಸಿಯಾದ ಮೇಲೂ ದಟ್ಟವಾಗಿ ಬಿಳಿ ಹೊಗೆ ಬರುತ್ತಲೇ ಇದ್ದರೆ ಕೂಲಂಟು ಒಳಗೆ ಸೋರಿ ಸುಡುತ್ತಿರಬಹುದು. ಅದು ದೊಡ್ಡ ಖರ್ಚು.

ಮೀಟರ್ ತಿರುಗಿಸಿದ್ದಾರೋ ಇಲ್ಲವೋ ಅನ್ನುವುದಕ್ಕೆ ಟೈರು ಸಾಕ್ಷಿ. ಟೈರಿನ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ ಹುಡುಕಿ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ಅಂಕಿ ವರ್ಷ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಕಂಪನಿಯಿಂದ ಬಂದ ಟೈರು ಸಾಮಾನ್ಯವಾಗಿ 40 ಸಾವಿರ ಕಿಲೋಮೀಟರಿನ ಆಸುಪಾಸು ಬರುತ್ತದೆ. ಮೀಟರ್ 25 ಸಾವಿರ ತೋರಿಸುತ್ತಿದೆ, ನಾಲ್ಕೂ ಟೈರು ಗಾಡಿಗಿಂತ ಮೂರು ವರ್ಷ ಹೊಸದು. ಆಗ ಏಕೆ ಅಂತ ಕೇಳಬೇಕು. ಸ್ಟೆಪ್ನಿಯ ಅಂಕಿಯನ್ನೂ ನೋಡಿ.

ಇಲ್ಲಿಯವರೆಗೆ ಕೊಳ್ಳುವ ಮೊದಲಿನ ಮಾತಾಯಿತು. ಊರು ಕೇಳಿದಿರಿ, ತಣ್ಣನೆಯ ಎಂಜಿನ್ನಿನ ಸದ್ದು ಕೇಳಿದಿರಿ, ಟೈರು ನೋಡಿದಿರಿ. ಈಗ ಕಾರು ನಿಮ್ಮ ಮನೆ ಮುಂದೆ ನಿಂತಿದೆ ಅಂದುಕೊಳ್ಳೋಣ.

ಮೊದಲ ವಾರ ದೂರದ ಪ್ರಯಾಣ ಬೇಡ. ಧರ್ಮಸ್ಥಳಕ್ಕೋ ತಿರುಪತಿಗೋ ಹೊರಡುವ ಆಸೆ ಸಹಜ. ಅದಕ್ಕೆ ಮೊದಲು ಗಾಡಿಯಲ್ಲಿ ಹರಿಯುವ ದ್ರವಗಳನ್ನೆಲ್ಲ ಬದಲಾಯಿಸಿ. ಮಾರಿದವರು ಹೋದ ತಿಂಗಳು ತಾನೇ ಹಾಕಿಸಿದ್ದು ಅಂದರೂ ಬಿಲ್ಲಿಲ್ಲದಿದ್ದರೆ ಬದಲಾಯಿಸಿ. ಎಂಜಿನ್ ಆಯಿಲ್, ಅದರ ಫಿಲ್ಟರು, ಏರ್ ಫಿಲ್ಟರು, ಬ್ರೇಕ್ ಆಯಿಲ್, ಕೂಲಂಟು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಾದರೆ ಬೇಗ ಕುದಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕು ಕಾದು ಆ ಆಯಿಲ್ ಕುದಿದರೆ ಪೆಡಲು ಪೊಳ್ಳಾಗಿ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ ಇದನ್ನು ನಮ್ಮಲ್ಲಿ ಬಹಳ ಮಂದಿ ಮುಟ್ಟುವುದೇ ಇಲ್ಲ.

ಕೂಲಂಟಿನ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ದಾರಿಯಲ್ಲಿ ಕಡಿಮೆಯಾದಾಗ ನಲ್ಲಿ ನೀರು ಸುರಿಯುವುದು ನಮ್ಮ ಹಳೆಯ ಅಭ್ಯಾಸ. ಬೆಂಗಳೂರು, ಕೋಲಾರ, ತುಮಕೂರು ಕಡೆ ಆ ನೀರು ಎಷ್ಟೋ ಸಲ ಬೋರ್‌ವೆಲ್ಲಿನದು. ಅದರ ಗಡಸು ನೀರು ಕುದಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೀವು ಅಡುಗೆಮನೆಯಲ್ಲಿ ದಿನವೂ ಕಾಣುತ್ತೀರಿ. ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೂ ಅದೇ ಕಟ್ಟುತ್ತದೆ. ಕೂಲಂಟಿನ ಡಬ್ಬಿಯಲ್ಲಿ ಹಸಿರು ಅಥವಾ ಗುಲಾಬಿ ಬಣ್ಣದ ಬದಲು ಇಟ್ಟಿಗೆ ಬಣ್ಣ ಕಂಡರೆ ಒಳಗೆ ತುಕ್ಕು ಕರಗಿದೆ. ಪೂರ್ತಿ ತೆಗೆಸಿ, ತೊಳೆಸಿ, ಕಂಪನಿ ಹೇಳಿದ ಕೂಲಂಟು ತುಂಬಿಸಿ. ಎಂಜಿನ್ನು ಬಿಸಿಯಿದ್ದಾಗ ರೇಡಿಯೇಟರಿನ ಮುಚ್ಚಳ ಮಾತ್ರ ತೆರೆಯಬೇಡಿ. ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ದ್ರವಗಳಾದವು. ಮೊದಲ ವಾರದ ಬಾಕಿ ಅಷ್ಟೇ. ಇನ್ನು ಎಲ್ಲರ ನಿದ್ದೆ ಕೆಡಿಸುವ ಸದ್ದುಗಳಿಗೆ ಬರೋಣ.

ನಮ್ಮ ಬೀದಿಯಲ್ಲಿ ಒಬ್ಬರು ಮೇಷ್ಟ್ರು ಏಳು ವರ್ಷದ ಒಂದು ಸಣ್ಣ ಕಾರು ಕೊಂಡರು. ಹಂಪು ಇಳಿಯುವಾಗ ಮುಂದಿನ ಎಡಗಡೆ ಕಟಕಟ. ವೇಗವಾಗಿ ಹೋದರೆ ಇಲ್ಲ, ನಿಧಾನಕ್ಕೆ ಗುಂಡಿ ದಾಟಿದರೆ ಜೋರು. ಒಂದು ಗ್ಯಾರೇಜಿನಲ್ಲಿ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೋಗಿವೆ ಅಂದರು. ಹತ್ತು ಸಾವಿರದ ಮೇಲಿನ ಲೆಕ್ಕ ಬರೆದುಕೊಟ್ಟರು. ಮೇಷ್ಟ್ರು ಇನ್ನೊಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋದರು. ನಾನೂ ಜೊತೆಗಿದ್ದೆ. ಅವರು ಪಕ್ಕದಲ್ಲಿ ಕೂತು ಒಂದು ಸುತ್ತು ಬಂದರು. ಕಿಟಕಿ ಇಳಿಸಿ, ರೇಡಿಯೋ ನಿಲ್ಲಿಸಿ, ಅದೇ ಹಂಪನ್ನು ಮತ್ತೆ ಮತ್ತೆ ದಾಟಿಸಿದರು. ಆಮೇಲೆ ನೆಲಕ್ಕೆ ರಟ್ಟು ಹಾಸಿ ಗಾಡಿಯ ಕೆಳಗೆ ಸರಿದರು. ಚಕ್ರದ ಹಿಂದೆ ಗೇಣುದ್ದದ ಒಂದು ಕಂಬಿ ಇರುತ್ತದೆ. ಎರಡೂ ತುದಿಯಲ್ಲಿ ಗೋಲಿಯಂಥ ಕೀಲು, ಅದರ ಮೇಲೆ ರಬ್ಬರ್ ಟೊಪ್ಪಿ. ಗ್ಯಾರೇಜಿನಲ್ಲಿ ಲಿಂಕ್ ರಾಡ್ ಅನ್ನುತ್ತಾರೆ. ಅದನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರು. ಟಕ್ ಟಕ್. ಅದೇ ಸದ್ದು! ರಬ್ಬರ್ ಟೊಪ್ಪಿ ಹರಿದಿತ್ತು. ಗ್ರೀಸು ಹೋಗಿ, ಮಳೆನೀರು, ಧೂಳು ಸೇರಿ ಕೀಲು ಸವೆದಿತ್ತು. ಎರಡೂ ಕಡೆಯದು ಸೇರಿ ಸಾವಿರ ಚಿಲ್ಲರೆಯಲ್ಲಿ ಕೆಲಸ ಮುಗಿಯಿತು. ಶಾಕ್ ಅಬ್ಸಾರ್ಬರಿಗೆ ಏನೂ ಆಗಿರಲಿಲ್ಲ.

ಸದ್ದಿನ ಬಗ್ಗೆ ಗ್ಯಾರೇಜಿಗೆ ಹೇಳುವಾಗ ಬರೀ ಸೌಂಡ್ ಬರುತ್ತೆ ಅನ್ನಬೇಡಿ. ಯಾವಾಗ ಬರುತ್ತದೆ ಅಂತ ಹೇಳಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಯು ಟರ್ನ್ ತೆಗೆಯುವಾಗ ಮಾತ್ರ ಕಟಕಟ ಬಂದರೆ ಅದು ಡ್ರೈವ್ ಶಾಫ್ಟಿನ ಜಾಯಿಂಟು. ವೇಗ ಏರಿದಂತೆ ಏರುವ ಗುಂಯ್ ಸದ್ದು, ತಿರುವಿನಲ್ಲಿ ಒಂದು ಕಡೆಗೆ ಜೋರಾದರೆ ಚಕ್ರದ ಬೇರಿಂಗು. ಮಳೆಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಕೀಂಯ್ ಅಂದು ನಿಂತರೆ ಫ್ಯಾನ್ ಬೆಲ್ಟು. ಬ್ರೇಕ್ ಹಿಡಿದಾಗ ಕರಕರ ಉಜ್ಜಿದರೆ ಪ್ಯಾಡ್ ಮುಗಿದು ಕಬ್ಬಿಣ ಕಬ್ಬಿಣಕ್ಕೆ ತಾಗುತ್ತಿದೆ. ಇದು ಮಾತ್ರ ನಾಳೆಗೆ ಇಡುವಂಥದ್ದಲ್ಲ.

ಸದ್ದಿನಂತೆಯೇ ನಡುಕ. ಸದ್ದಿಗೆ ಹೇಳಿದ್ದೇ ಇದಕ್ಕೂ ಸಲ್ಲುತ್ತದೆ, ಯಾವಾಗ ಅನ್ನುವುದು ಮುಖ್ಯ. ಬ್ರೇಕ್ ಹಿಡಿದಾಗ ಸ್ಟಿಯರಿಂಗ್ ನಡುಗಿದರೆ ಡಿಸ್ಕಿನ ಮೇಲ್ಮೈ ಸಮವಿಲ್ಲ. 80ರ ವೇಗ ದಾಟಿದಾಗ ನಡುಗಿದರೆ ಚಕ್ರದ ಬ್ಯಾಲೆನ್ಸು. ನಿಂತಾಗ ಎಸಿ ಹಾಕಿದರೆ ಮಾತ್ರ ನಡುಗಿ, ಆಕ್ಸಿಲರೇಟರ್ ಒತ್ತಿದರೆ ಹೋದರೆ, ಎಂಜಿನ್ ಕೂರುವ ರಬ್ಬರ್ ಮೌಂಟಿಂಗ್ ಸೋತಿರಬಹುದು. ಇಲ್ಲವೇ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿರಬಹುದು. ಮೊದಲು ಮಸಿ ತೆಗೆಸಿ, ಸ್ಪಾರ್ಕ್ ಪ್ಲಗ್ ನೋಡಿಸಿ. ಅಗ್ಗದ ಕೆಲಸ ಮೊದಲು, ದುಬಾರಿ ಕೆಲಸ ಆಮೇಲೆ. ಬೆಳಿಗ್ಗೆ ಸೆಲ್ಫ್ ಎಳೆಯದಿದ್ದರೂ ಇದೇ ಕ್ರಮ. ಹೊಸ ಬ್ಯಾಟರಿ ಕೊಳ್ಳುವ ಮೊದಲು ಟರ್ಮಿನಲ್ ಮೇಲಿನ ಬಿಳಿ ಪುಡಿ ತೆಗೆಸಿ ಬಿಗಿ ಮಾಡಿಸಿ. ಆಮೇಲೆ ವೋಲ್ಟೇಜ್ ಅಳೆಸಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಹನ್ನೆರಡೂವರೆ, ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು.

ಎಂಜಿನ್ ದೀಪ ಹತ್ತಿದರೆ ಸ್ಕ್ಯಾನರ್ ಹಾಕಿಸಿ. ಆದರೆ ಒಂದು ವಿಷಯ ನೆನಪಿಡಿ. ಸ್ಕ್ಯಾನರ್ ಹೇಳುವುದು ದೂರು ಕೊಟ್ಟ ಸೆನ್ಸರಿನ ಹೆಸರು. ಕೆಟ್ಟ ಭಾಗ ಬೇರೆಯೇ ಇರಬಹುದು. ಆಕ್ಸಿಜನ್ ಸೆನ್ಸರ್ ಎಂದು ಬಂತು ಅಂತ ಕೂಡಲೇ ಸೆನ್ಸರ್ ಬದಲಾಯಿಸಿದರೆ, ಹಣ ಹೋಗಿ ದೀಪ ಉಳಿಯಬಹುದು. ನಮ್ಮ ಕಡೆ ಇನ್ನೊಂದು ಕಾರಣ ಬಹಳ ಸಾಮಾನ್ಯ, ಇಲಿ. ತೋಟದ ಮನೆ, ಅಕ್ಕಿ ಗಿರಣಿ, ಹೋಟೆಲಿನ ಹಿಂದುಗಡೆ ನಿಲ್ಲುವ ಗಾಡಿಗಳ ವೈರನ್ನು ಕಡಿದುಹಾಕುತ್ತದೆ. ಹೊಗೆಸೊಪ್ಪು ಕಟ್ಟಿಡುವವರಿದ್ದಾರೆ. ಕೆಳಗಿನಿಂದ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕಿಸುವುದು ಹೆಚ್ಚು ನಂಬಿಕೆಯ ದಾರಿ.

ಸದ್ದು, ನಡುಕ, ದೀಪ, ಈ ಮೂರನ್ನೂ ಹೇಳಿದೆ. ಇವುಗಳಲ್ಲಿ ಬಹಳಷ್ಟು ಒಂದು ವಾರ ಕಾಯಬಲ್ಲವು. ಬ್ರೇಕಿನ ಕರಕರವನ್ನು ಆಗಲೇ ಹೇಳಿದೆ. ಅದರ ಜೊತೆಗೆ ಒಂದು ಕ್ಷಣವೂ ಕಾಯಬಾರದವು ಮೂರು. ಬ್ರೇಕ್ ಪೆಡಲು ಮೆತ್ತಗಾಗಿ ಆಳಕ್ಕೆ ಹೋಗುವುದು, ಬಿಸಿಯ ಮುಳ್ಳು ಏರುವುದು, ಕೆಂಪು ಆಯಿಲ್ ದೀಪ ಓಡುವಾಗ ಹತ್ತುವುದು. ಈ ಮೂರರಲ್ಲಿ ಯಾವುದು ಬಂದರೂ ಗಾಡಿಯನ್ನು ಪಕ್ಕಕ್ಕೆ ತಂದು ಎಂಜಿನ್ ಆರಿಸಿ. ಮುಂದಿನ ಊರಿನ ತನಕ ಹೋಗೋಣ ಅನ್ನಬೇಡಿ. ಆಯಿಲ್ ಒತ್ತಡವಿಲ್ಲದೆ ಕೆಲವೇ ನಿಮಿಷ ಓಡಿದರೂ ಎಂಜಿನ್ನು ಕೆಡುತ್ತದೆ. ಎಳೆದೊಯ್ಯುವ ಗಾಡಿಗೆ ಮೂರು ಸಾವಿರ ಆದರೂ ಅಗ್ಗವೇ.

ಇನ್ನು ಕಾಗದಪತ್ರದ ಬಾಕಿ. ಬೇಗ ಹೇಳಿ ಮುಗಿಸುತ್ತೇನೆ. ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳದೆ ಪೂರ್ತಿ ಹಣ ಕೊಡಬೇಡಿ. ಬ್ಯಾಂಕಿನ ಸಾಲ ಇದ್ದ ಗಾಡಿಯಾದರೆ ಫಾರಂ 35 ಕೂಡ ಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಿ. ಹಿಂದಿನವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ. ಮಾರುವವರೂ ಈ ಮಾತು ಕೇಳಿಸಿಕೊಳ್ಳಬೇಕು. ದಾಖಲೆಯಲ್ಲಿ ಹೆಸರಿದ್ದವರೇ ಮಾಲೀಕರು, ಅಪಘಾತದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ.

ಈ ಬಾಕಿಯೆಲ್ಲ ತೀರಿದ ಮೇಲೆ ಒಂದು ದಿನ ಕೂತು ಬಿಲ್ಲುಗಳನ್ನು ಕೂಡಿಸಿ. ಎತ್ತಿಟ್ಟ ಹಣದ ಒಳಗೇ ಇದ್ದರೆ, ಗಾಡಿ ಈಗ ಸದ್ದಿಲ್ಲದೆ ಓಡುತ್ತಿದ್ದರೆ, ನೀವು ಒಳ್ಳೆಯ ಕಾರನ್ನೇ ಕೊಂಡಿದ್ದೀರಿ. ಆದರೆ ಎಲ್ಲ ಕಾರೂ ಹಾಗಲ್ಲ. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುವ ಎಂಜಿನ್ನು, ಎಷ್ಟು ತುಂಬಿಸಿದರೂ ಕೂಲಂಟು ಮಾಯವಾಗುವ ಗಾಡಿ, ಅಲೈನ್‌ಮೆಂಟ್ ಮಾಡಿಸಿದಷ್ಟೂ ಒಂದೇ ಕಡೆ ಟೈರು ಸವೆಯುವ, ಅಪಘಾತದಲ್ಲಿ ಚಾಸಿ ಬಾಗಿದ ಗಾಡಿ, ಇವು ಬಾಕಿ ಕೆಲಸದ ಸಾಲಿಗೆ ಸೇರುವುದಿಲ್ಲ. ಅಂಥದ್ದಕ್ಕೆ ಸಣ್ಣಸಣ್ಣದಾಗಿ ಹಣ ಸುರಿಯುತ್ತಾ ಹೋಗಬೇಡಿ. ನಂಬಿಕೆಯ ಮೆಕ್ಯಾನಿಕ್ ಹತ್ತಿರ ಒಟ್ಟು ಖರ್ಚು ಬರೆಸಿಕೊಳ್ಳಿ. ಅದು ಗಾಡಿಯ ಬೆಲೆಯ ಅರ್ಧ ಮುಟ್ಟಿದರೆ ಮಾರಿಬಿಡಿ. ಮಾರುವಾಗ ಆ ಚೀಟಿಯನ್ನು ಕೊಳ್ಳುವವರ ಕೈಗೇ ಕೊಟ್ಟು, ಬೆಲೆ ಇಳಿಸಿ ಮಾರಿ.